ದೆಹಲಿಯ ಸೆಕೆ, ಮನಾಲಿಯ ಮಳೆ, ಲಡಾಖಿನ ಚಳಿ: ಒಂದೇ ಬ್ಯಾಗ್ ಸಾಕೇ?

ಪ್ರಶ್ನೆ: ಜುಲೈನಲ್ಲಿ ಬೆಂಗಳೂರಿನಿಂದ ದೆಹಲಿಗೆ ವಿಮಾನ, ಅಲ್ಲಿಂದ ಮನಾಲಿ ಮೇಲೆ ಲೇಹ್‌ಗೆ ರಸ್ತೆ ಪ್ರಯಾಣ. ಒಟ್ಟು ಹತ್ತು ದಿನ. ಒಂದೇ ಬ್ಯಾಗಿನಲ್ಲಿ ಸುಧಾರಿಸಬಹುದೇ? ದಪ್ಪ ಜಾಕೆಟ್ ಕೊಳ್ಳಬೇಕೇ?

ಉತ್ತರ: ಸುಧಾರಿಸಬಹುದು. 50 ಲೀಟರಿನ ಒಂದು ಬ್ಯಾಗ್, ಕಾರಿನಲ್ಲಿ ಕಾಲ ಬಳಿ ಇಟ್ಟುಕೊಳ್ಳಲು 20 ಲೀಟರಿನ ಚಿಕ್ಕದೊಂದು. ಎರಡೂ ಸೇರಿ 10 ಕೆ.ಜಿ. ದಾಟಬೇಕಿಲ್ಲ. ದಪ್ಪ ಜಾಕೆಟ್ ಬೇಡವೇ ಬೇಡ.

ಯಾಕೆಂದರೆ ಇಲ್ಲಿ ಹವೆ ಊರಿಂದೂರಿಗಷ್ಟೇ ಅಲ್ಲ, ಒಂದೇ ದಿನದಲ್ಲೂ ಬದಲಾಗುತ್ತದೆ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಿಂದ ಬೆಳಿಗ್ಗೆ ಹೊರಟರೆ 5,359 ಮೀಟರಿನ ಖರ್ದುಂಗ್ ಲಾ ಕಣಿವೆಮಾರ್ಗದಲ್ಲಿ ಹಲ್ಲು ಕಟಕಟ. ಮಧ್ಯಾಹ್ನ ಅದರಾಚೆಯ ನುಬ್ರಾ ಕಣಿವೆಯ ಮರಳುದಿಬ್ಬದಲ್ಲಿ ಬರೀ ಟೀ ಶರ್ಟ್ ಸಾಕು. ಎರಡು ಕೆ.ಜಿ. ತೂಗುವ ಜಾಕೆಟ್ಟಿಗೆ ಇರುವುದು ಎರಡೇ ದಾರಿ: ಹಾಕು, ಇಲ್ಲವೇ ತೆಗೆ. ಅದರ ಬದಲು ಪದರ ಪದರವಾಗಿ ಹಾಕಿಕೊಳ್ಳಿ. ಒಳಗೆ ಥರ್ಮಲ್ ಒಂದು ಜೊತೆ, ಅದರ ಮೇಲೆ ಫ್ಲೀಸ್, ಅದರ ಮೇಲೆ ಮಡಚಿದರೆ ಅಂಗೈಯಗಲ ಆಗುವ ಹಗುರ, ಉಬ್ಬಿದ ಪಫರ್ ಜಾಕೆಟ್, ಎಲ್ಲಕ್ಕೂ ಹೊರಗೆ ಗಾಳಿ-ಮಳೆ ತಡೆಯುವ ರೇನ್ ಜಾಕೆಟ್. ಮನಾಲಿಯಲ್ಲಿ ಮಳೆಗಾದ ಜಾಕೆಟ್ಟೇ ಕಣಿವೆಮಾರ್ಗಗಳಲ್ಲಿ ಗಾಳಿಗೂ ಆಗುತ್ತದೆ. ಕೊಳ್ಳುವಾಗ ಅದನ್ನು ಮಾತ್ರ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ, ಇಲ್ಲದಿದ್ದರೆ ಒಳಗಿನ ಮೂರು ಪದರ ಹಿಡಿಸುವುದಿಲ್ಲ.

ಉಳಿದದ್ದು: ಬೇಗ ಒಣಗುವ ಪಾಲಿಯೆಸ್ಟರ್ ಟೀ ಶರ್ಟ್ ನಾಲ್ಕು, ಪ್ಯಾಂಟ್ ಎರಡು, ಕಾಲುಚೀಲ ನಾಲ್ಕು ಜೊತೆ. ಅದರಲ್ಲಿ ಉಣ್ಣೆಯ ಒಂದು ಜೊತೆ ಮಲಗುವ ಹೊತ್ತಿಗೆಂದೇ ಮೀಸಲು. ಹತ್ತಿ ಬಟ್ಟೆ ದೆಹಲಿಗೆ ಒಂದು ಜೊತೆ ಸಾಕು. ಅದು ಬೆವರು ಹೀರಿಕೊಂಡು ಒದ್ದೆಯಾಗೇ ಉಳಿಯುತ್ತದೆ, ಮೇಲೆ ಹತ್ತಿದಾಗ ಆ ತೇವವೇ ಮೈ ತಣ್ಣಗಾಗಿಸುತ್ತದೆ. ಜೀನ್ಸ್ ಮನೆಯಲ್ಲೇ ಇರಲಿ, ಮನಾಲಿಯಲ್ಲಿ ಒಮ್ಮೆ ನೆನೆದರೆ ಎರಡು ದಿನವಾದರೂ ಒಣಗದು. ಶೂ ಹೊಸದಾದರೆ ಹೊರಡುವ ಮೊದಲು ಎರಡು ವಾರ ಹಾಕಿ ಓಡಾಡಿ. ದಾರಿಯಲ್ಲಿ ಕರಗಿದ ಹಿಮದ ನೀರು ರಸ್ತೆ ಮೇಲೇ ಹರಿಯುವ ತೊರೆಗಳಿವೆ, ಇಳಿದು ದಾಟಬೇಕಾದರೆ ಪಟ್ಟಿ ಇರುವ ಸ್ಯಾಂಡಲ್ ಬೇಕು.

ಹೆಚ್ಚಿನವರು ಎಡವುವುದು ಜೋಡಿಸುವ ಕ್ರಮದಲ್ಲಿ. ಬೆಂಗಳೂರಿನಲ್ಲಿ ಉಣ್ಣೆಬಟ್ಟೆಯನ್ನೆಲ್ಲ ತಳಕ್ಕೆ ತುಂಬಿ ಅದನ್ನು ಹಾಗೇ ಬಿಡುತ್ತಾರೆ. ಮನಾಲಿ ಬಿಟ್ಟ ದಿನವೇ ಇಲ್ಲವೇ ಮರುದಿನ ಸುಮಾರು 4,890 ಮೀಟರಿನ ಬಾರಾಲಾಚಾ ಕಣಿವೆಮಾರ್ಗ ಬರುತ್ತದೆ, ಆಗ ಬ್ಯಾಗ್ ಇರುವುದು ಗಾಡಿಯ ನೆತ್ತಿಯ ಮೇಲೆ, ಹಗ್ಗ ಬಿಗಿದು. ಆದ್ದರಿಂದ ಮನಾಲಿಯ ಕೊನೆಯ ರಾತ್ರಿ ಬ್ಯಾಗ್ ಪೂರ್ತಿ ಖಾಲಿ ಮಾಡಿ ಮತ್ತೆ ಜೋಡಿಸಿ: ಫ್ಲೀಸ್, ಕೈಗವಸು, ಮಂಕಿ ಟೋಪಿ, ಔಷಧ, ನೀರು ಚಿಕ್ಕ ಬ್ಯಾಗಿಗೆ. ದೊಡ್ಡ ಬ್ಯಾಗಿನ ಒಳಗೆ ದಪ್ಪ ಕಸದ ಚೀಲವೊಂದನ್ನು ಅಸ್ತರಿಯಂತೆ ಹಾಕಿ ಬಾಯಿ ತಿರುಚಿಬಿಡಿ. ಮೇಲಿನ ರೇನ್ ಕವರ್ ಬೆನ್ನಿನ ಕಡೆಯಿಂದ ಇಳಿಯುವ ನೀರನ್ನು ತಡೆಯದು. ಮಳೆಯ ಪ್ರದೇಶ ದಾಟಿದ ಮೇಲೆ ಲೇಹ್ ದಾರಿಯಲ್ಲಿ ಸಿಗುವ ಮೋರೆ ಎಂಬ ಬಯಲಿನ ಹಿಟ್ಟಿನಂಥ ಧೂಳು ಜಿಪ್ಪಿನ ಸಂದಿಯಲ್ಲೂ ನುಗ್ಗುತ್ತದೆ.

ಖರ್ದುಂಗ್ ಲಾದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಚಿಪ್ಸ್ ಪ್ಯಾಕೆಟ್ ಬಲೂನಿನಂತೆ ಉಬ್ಬುತ್ತದೆ, ಶಾಂಪೂ ಬಾಟಲಿ ಉಕ್ಕುತ್ತದೆ. ಮೆತ್ತನೆಯ ಬಾಟಲಿಯನ್ನು ಹಿಂಡಿ ಗಾಳಿ ಹೊರಹಾಕಿ ಮುಚ್ಚಿ, ಬೇರೆ ಕವರಿನಲ್ಲಿಡಿ. ಕೊಬ್ಬರಿ ಎಣ್ಣೆ ಲೇಹ್‌ನ ರಾತ್ರಿಗೆ ಗಡ್ಡೆ ಕಟ್ಟುತ್ತದೆ, ಒಣ ಗಾಳಿಗೆ ಬಿರಿಯುವ ತುಟಿ-ಮೂಗಿಗೆ ವ್ಯಾಸಲೀನ್ ಮೇಲು. ಎಸ್‌ಪಿಎಫ್ 50 ಸನ್‌ಸ್ಕ್ರೀನ್, ಯುವಿ ತಡೆಯುವ ಕನ್ನಡಕ ಮರೆಯಬೇಡಿ. ಎತ್ತರದ ಕಾಯಿಲೆ ತಡೆಯುವ ಮಾತ್ರೆ ಡಯಮಾಕ್ಸ್ ಬೇಕೋ ಬೇಡವೋ ವೈದ್ಯರು ಹೇಳಲಿ. ಸಲ್ಫಾ ಔಷಧದ ಅಲರ್ಜಿ ಇದ್ದರೆ ಅವರಿಗೆ ಮೊದಲೇ ತಿಳಿಸಿ.

ಪವರ್ ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು. 20,000 ಎಂಎಎಚ್‌ನದು ಸುಮಾರು 74 ವಾಟ್-ಅವರ್, 100ರ ಮಿತಿಯೊಳಗೆ ಬರುತ್ತದೆ. ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ಪ್ಯಾಂಗಾಂಗ್ ಸರೋವರದ ಬಳಿ ಉಳಿದರೆ ಅದನ್ನೂ ಫೋನನ್ನೂ ರಜಾಯಿಯೊಳಗೆ ಇಟ್ಟುಕೊಂಡು ಮಲಗಿ. ಇನ್ನು, ಕರ್ನಾಟಕದ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ಕೆಲಸ ಮಾಡುವುದಿಲ್ಲ. ಗುಂಪಿನಲ್ಲಿ ಒಬ್ಬರ ಹತ್ತಿರವಾದರೂ ಪೋಸ್ಟ್‌ಪೇಯ್ಡ್ ಇರಲಿ.