ಕಾಗದದ ಕಿತ್ತಳೆ ಡಬ್ಬಿಯಾಗದಿರಲು

ಜಪಾನಿನ ಸಾಂಪ್ರದಾಯಿಕ ‘ಫೂಸೆನ್’, ಅಂದರೆ ಗಾಳಿ ತುಂಬುವ ಕಾಗದದ ಬಲೂನು, ಕೈಗೆ ಹತ್ತಿದರೆ ಕಿತ್ತಳೆ, ಸೇಬು, ಕಲ್ಲಂಗಡಿ ಎಲ್ಲವೂ ಅದರಿಂದಲೇ ಬರುತ್ತವೆ. ಆದರೆ ಫೂಸೆನ್ ಹುಟ್ಟಿನಿಂದ ಡಬ್ಬಿಯಂಥ ಚೌಕ ಆಕೃತಿ. ಅದನ್ನು ದುಂಡಗಾಗಿಸುವುದರಲ್ಲೇ ಕೆಲಸವಿದೆ.

ಕಾಗದ 15 ಸೆಂ.ಮೀ. ಚೌಕ, ಒಂದು ಮುಖ ಕಿತ್ತಳೆ ಬಣ್ಣ. ಉಬ್ಬಿದ ಮೇಲೆ ಒಂದು ಬದಿ ಕಾಗದದ ಕಾಲುಭಾಗ, 3.75 ಸೆಂ.ಮೀ. ಎ4 ಹಾಳೆಯಿಂದ 21 ಸೆಂ.ಮೀ. ಚೌಕ ಕತ್ತರಿಸಿದರೆ 5.25. ಡ್ರಾಯಿಂಗ್ ಶೀಟ್ ಬೇಡ, ಪದರ ಕೂಡಿದ ಕಡೆ ದಪ್ಪವಾಗಿ ಮಡಿಕೆ ಬಾಯಿ ಬಿಡುತ್ತದೆ.

ಬಿಳಿ ಮುಖ ಮೇಲಿಟ್ಟು ಎರಡೂ ಕರ್ಣಗಳನ್ನು ಮಡಿಸಿ ಬಿಚ್ಚಿ. ಮಗುಚಿ, ಬಣ್ಣದ ಮುಖ ಮೇಲಿಟ್ಟು ನಡುವೆ ಒಮ್ಮೆ ಮಾತ್ರ ಮಡಿಸಿ ಬಿಚ್ಚಿ. ಇನ್ನೊಂದು ನಡುಗೆರೆ ಬೇಕಿಲ್ಲ. ಗೆರೆ ಹೆಚ್ಚಿದಷ್ಟೂ ಕಾಗದದ ಕೇಂದ್ರ ಸವೆದು ಕೊನೆಗೆ ಅಲ್ಲೇ ತೂತು ಬೀಳುತ್ತದೆ. ಮತ್ತೆ ಮಗುಚಿ, ನಡುಗೆರೆಯ ಎರಡೂ ತುದಿಗಳನ್ನು ಒಳಕ್ಕೆ ತಳ್ಳಿದರೆ ತ್ರಿಕೋನ ಕೂರುತ್ತದೆ. ಇಲ್ಲಿಯವರೆಗೆ ಉಗುರಿನಿಂದ ಗಟ್ಟಿಯಾಗಿ ತೀಡಿ.

ತ್ರಿಕೋನದ ಕೆಳಮೂಲೆಗಳನ್ನು, ಮುಂದೆ ಎರಡು ಹಿಂದೆ ಎರಡು, ಶಿಖರಕ್ಕೆ ಏರಿಸಿ. ವಜ್ರದ ಆಕಾರ ಬರುತ್ತದೆ. ಅದರ ಪಕ್ಕದ ಮೂಲೆಗಳನ್ನೂ ಹಾಗೆಯೇ, ಮುಂದೆ ಎರಡು ಹಿಂದೆ ಎರಡು, ನಡುಗೆರೆಗೆ ತನ್ನಿ. ಆಗ ಹುಟ್ಟುವ ಪುಟ್ಟ ತ್ರಿಕೋನದ ಮೇಲಂಚಿನಲ್ಲಿ ಒಂದು ಕಿಸೆ ಇರುತ್ತದೆ, ಬೆರಳು ತೂರಿಸಿ ನೋಡಿಕೊಳ್ಳಿ.

ಈಗ ಶಿಖರದ ನಾಲ್ಕು ಬಿಡಿ ತುದಿಗಳು. ಇವನ್ನು ಒಂದೇ ಮಡಿಕೆಯಲ್ಲಿ ಕಿಸೆಗೆ ತುರುಕಲು ಹೋಗಬೇಡಿ, ಊದಿದ ತಕ್ಷಣ ಹೊರಬರುತ್ತವೆ. ಮೊದಲು ತುದಿಯನ್ನು ಅಡ್ಡಕ್ಕೆ ಮಡಿಸಿ ವಜ್ರದ ನಡುಬಿಂದುವಿಗೆ ಇಳಿಸಿ. ಆಗ ಅದರ ಓರೆ ಅಂಚು ಕಿಸೆಯ ಬಾಯಿಯ ಮೇಲೆ ಸರಿಯಾಗಿ ಮಲಗುತ್ತದೆ. ಆ ಅಂಚಿನ ಗುಂಟ ಇನ್ನೊಮ್ಮೆ ಮಡಿಸಿ, ಕಿಸೆಯ ತಳದವರೆಗೂ ಸೇರಿಸಿ. ಪಕ್ಕದ ಮೂಲೆ ನಡುಗೆರೆ ದಾಟಿದ್ದರೆ ಅಳತೆ ಹೊಂದುವುದಿಲ್ಲ. ಬಿಚ್ಚಿ ಅದನ್ನೇ ತಿದ್ದಿ.

ಡಬ್ಬಿ ಬೇಕಿದ್ದವರು ಊದುವ ಮೊದಲು ಮೇಲಿನ ಕೆಳಗಿನ ಚೂಪುಗಳನ್ನು ಹಿಂದೆ ಮುಂದೆ ಮಡಿಸಿ ಗೆರೆ ಎಳೆದುಕೊಳ್ಳುತ್ತಾರೆ. ಹಣ್ಣಿಗೆ ಆ ಹಂತವನ್ನು ಬಿಟ್ಟೇಬಿಡಿ. ಆ ಗೆರೆ ಬಿತ್ತೆಂದರೆ ಚೌಕಟ್ಟಾದ ಅಂಚು ಮತ್ತೆ ಹೋಗುವುದಿಲ್ಲ.

ಊದುವ ತೂತು ಶಿಖರದ ಎದುರು ತುದಿಯಲ್ಲಿದೆ. ನಾಲ್ಕು ರೆಕ್ಕೆಗಳನ್ನು ಕೂಡಿಸುವ ಚಿಹ್ನೆಯಂತೆ ಹರಡಿ, ತೂತನ್ನು ಟೂತ್‌ಪಿಕ್‌ನಿಂದ ಸಡಿಲಿಸಿ, ನಿಧಾನವಾಗಿ ಊದಿ. ಒಮ್ಮೆಲೇ ಜೋರಾಗಿ ಊದಿದರೆ ಕಿಸೆ ಬಿಚ್ಚಿಕೊಳ್ಳುತ್ತದೆ. ಅರ್ಧ ಉಬ್ಬಿದಾಗ ನಿಲ್ಲಿಸಿ, ಎಂಟೂ ಮೂಲೆಗಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಮೊಂಡು ಮಾಡಿ, ಆಮೇಲೆ ಉಳಿದ ಗಾಳಿ ತುಂಬಿ.

ತೂತನ್ನು ಮುಚ್ಚಬೇಡಿ, ತೊಟ್ಟಿನ ಜಾಗ ಅದೇ. 3 ಸೆಂ.ಮೀ. ಹಸಿರು ಕಾಗದದ ಎಲೆಯ ಬಾಲವನ್ನು ಹೊಸೆದು ಅದರೊಳಗೆ ಇಳಿಸಿದರೆ ಅಂಟೂ ಬೇಡ. ಸೇಬಾಗಬೇಕಿದ್ದರೆ ಕೆಂಪು ಕಾಗದ ತೆಗೆದುಕೊಂಡು, ಎಲೆ ಇಳಿಸುವ ಮೊದಲು ತೂತಿನ ಸುತ್ತ ಬೆರಳಿನಿಂದ ಒಂದು ಕುಳಿ ಒತ್ತಿ.