ಕರೆಂಟ್ ಕೋಣೆಯ ಹೊರಗಿನ ಬೆಂಚು

ರೇಡಿಯೇಷನ್‌ಗೆ ನಮ್ಮ ಜನ ಇಟ್ಟಿರುವ ಹೆಸರು ‘ಕರೆಂಟ್’. "ಆಪರೇಷನ್ ಆಯ್ತು, ಕೀಮೋ ಆಯ್ತು, ಇನ್ನು ಕರೆಂಟ್ ಕೊಡ್ತಾರಂತೆ" ಅನ್ನುತ್ತಾರೆ. ಅರ್ಧ ಹೆದರಿಕೆ ಈ ಹೆಸರಿನಿಂದಲೇ ಬರುತ್ತದೆ. ಕರೆಂಟ್ ಅಂದ ಮೇಲೆ ಶಾಕ್ ಹೊಡೆಯಬೇಕು, ಸುಡಬೇಕು, ಅಲ್ವಾ? ಎದೆಯ ಕ್ಯಾನ್ಸರ್ ಆದ ಹೆಂಗಸರಿಗೆ ಈ ಚಿಕಿತ್ಸೆ ಕೊಡುವ ಡಾಕ್ಟರ್ ನಾನು. ಮೊದಲ ಭೇಟಿಯಲ್ಲಿ ಹತ್ತು ನಿಮಿಷ ಕೂತು ಹೇಳುತ್ತೇನೆ: ಇದು ಎಕ್ಸ್‌ರೇ ಜಾತಿಯದ್ದೇ, ಶಕ್ತಿ ಮಾತ್ರ ತುಂಬಾ ಜಾಸ್ತಿ, ಕಿರಣ ಮೈ ಮೇಲೆ ಬಿದ್ದಿದ್ದೂ ನಿಮಗೆ ಗೊತ್ತಾಗಲ್ಲ. ಎಲ್ಲದಕ್ಕೂ ತಲೆಯಾಡಿಸುತ್ತಾರೆ. ಆಮೇಲೆ ಹೊರಗೆ ಹೋಗಿ ಬೆಂಚಿನ ಮೇಲೆ ಕೂತು ಪಕ್ಕದವರನ್ನು ಕೇಳುತ್ತಾರೆ, "ಅಕ್ಕಾ, ಸುಡುತ್ತಾ?"

"ಸುಮ್ನೆ ಮಲಗೋದು ಅಷ್ಟೇ ಕಣವ್ವಾ. ಒಳಗೆ ಏಸಿ ಹಾಕಿರ್ತಾರೆ, ಚಳಿ. ಅದೊಂದೇ ಕಷ್ಟ."

ಮುಖದ ಬಿಗಿ ಅಲ್ಲಿಗೆ ಸಡಿಲ. ನನ್ನ ಹತ್ತು ನಿಮಿಷದಲ್ಲಿ ಆಗದ್ದು ಇದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದರಿಂದ ಸ್ವಲ್ಪ ಬೇಜಾರಾಗುತ್ತಿತ್ತು, ಓದಿದವಳು ನಾನು, ಕೇಳುವುದು ಅವರನ್ನಾ ಅಂತ. ಈಗ ಹಾಗನಿಸುವುದಿಲ್ಲ. ನಾನು ಆ ಮಂಚದ ಮೇಲೆ ಒಂದು ದಿನವೂ ಮಲಗಿಲ್ಲ. ಅವರು ಮಲಗಿ ಎದ್ದು ಬಂದಿದ್ದಾರೆ.

ರೇಡಿಯೇಷನ್‌ನ ಒಂದು ವಿಶೇಷ ಇದೆ. ಕೀಮೋ ಮೂರು ವಾರಕ್ಕೊಮ್ಮೆ ಇದ್ದರೆ ಪ್ರತಿ ಸಲ ಪಕ್ಕದಲ್ಲಿ ಬೇರೆ ಮುಖ. ರೇಡಿಯೇಷನ್ ಹಾಗಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಬರಬೇಕು, ಹೆಚ್ಚುಕಮ್ಮಿ ಒಂದೇ ಹೊತ್ತಿಗೆ. ಅದೇ ಬೆಂಚು, ಅದೇ ಐದಾರು ಹೆಂಗಸರು. ಒಳಗಿನ ಕೆಲಸ ಹತ್ತು ಹದಿನೈದು ನಿಮಿಷ, ಅದರಲ್ಲೂ ಕಿರಣ ಬೀಳುವುದು ಒಂದೆರಡು ನಿಮಿಷವಷ್ಟೇ. ಕಾಯುವುದು ಮಾತ್ರ ಒಂದು ಗಂಟೆ, ಮಷೀನ್ ಕೈಕೊಟ್ಟ ದಿನ ಸಂಜೆವರೆಗೆ. ಆ ಕಾಯುವ ಹೊತ್ತಿನಲ್ಲಿ ಯಾರೂ ಹೇಳದೆ, ಯಾರೂ ನಡೆಸದೆ ಒಂದು ಬಳಗ ಹುಟ್ಟಿಕೊಳ್ಳುತ್ತದೆ. ಹೊಸಕೋಟೆಯಿಂದ ಬರುವವರು, ಮಾಗಡಿಯಿಂದ ಬರುವವರು, ಆಸ್ಪತ್ರೆ ಹತ್ತಿರ ಧರ್ಮಶಾಲೆಯಲ್ಲಿ ಉಳಿದ ಬಳ್ಳಾರಿ ಕಡೆಯವರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಗಂಡನನ್ನೋ ಮಗನನ್ನೋ ಕಾಯದೆ ಒಬ್ಬರೇ ಬಸ್ ಹತ್ತಿ ಬರುವವರು ಜಾಸ್ತಿಯಾಗಿದ್ದಾರೆ. ನನ್ನ ಕಣ್ಣಿಗೆ ಕಂಡಂತೆ, ಜೊತೆಗೆ ಮನೆಯವರು ಇಲ್ಲದಿದ್ದಾಗ ಹೆಂಗಸರು ಬೇಗ ಬಾಯಿ ಬಿಡುತ್ತಾರೆ.

ಏನು ಮಾತಾಡುತ್ತಾರೆ? ನಾವು ಕೈಪಿಡಿಯಲ್ಲಿ ಬರೆಯದೆ ಬಿಟ್ಟಿದ್ದನ್ನೆಲ್ಲ. ಕೀಮೋದಲ್ಲಿ ಉದುರಿದ ಕೂದಲು ರೇಡಿಯೇಷನ್ ಶುರುವಾಗುವ ಹೊತ್ತಿಗೆ ಸಣ್ಣಗೆ ಮೊಳೆಯುತ್ತಿರುತ್ತದೆ. ಎದೆಗೆ ಕೊಡುವ ರೇಡಿಯೇಷನ್‌ನಿಂದ ತಲೆಗೂದಲು ಉದುರುವುದಿಲ್ಲ, ಇದನ್ನು ನಾನು ಎಷ್ಟು ಸಲ ಹೇಳಿದರೂ ನಂಬದವರು, ಹನ್ನೆರಡನೇ ದಿನದವರೊಬ್ಬರು ಸ್ಕಾರ್ಫ್ ಸರಿಸಿ "ಮುಟ್ಟಿ ನೋಡು" ಅಂದಾಗ ನಂಬುತ್ತಾರೆ.

ತಾಳಿಯ ವಿಷಯವೂ ಹಾಗೆಯೇ. ಕಂಕುಳ ಗಂಟುಗಳಿಗೆ, ಅಂದರೆ ದುಗ್ಧಗ್ರಂಥಿಗಳಿಗೆ, ಕ್ಯಾನ್ಸರ್ ಹರಡಿದ್ದರೆ ಕಾಲರ್ ಮೂಳೆಯ ಜಾಗಕ್ಕೂ ಕಿರಣ ಕೊಡುತ್ತೇವೆ, ಆಗ ಕೊರಳಲ್ಲಿ ಲೋಹ ಇರಬಾರದು. ಟೆಕ್ನಾಲಜಿಸ್ಟ್ ಹುಡುಗಿ "ಸರ ತೆಗೀರಿ ಅಮ್ಮ" ಅಂದಾಗ ಕೆಲವರ ಕಣ್ಣಲ್ಲಿ ನೀರು ಬರುತ್ತದೆ. ಎದೆ ತೆಗೆಸಿಕೊಂಡಾಗ ಅಳದವರು ಇಲ್ಲಿ ಅಳುತ್ತಾರೆ. ಇದಕ್ಕೆ ದಾರಿ ತೋರಿಸಿದ್ದು ನಾನಲ್ಲ, ಬೆಂಚು. ಅಷ್ಟು ದಿನಕ್ಕೆ ಅರಿಶಿನ ದಾರ ಕಟ್ಟಿಕೊಳ್ಳಿ, ಒಳಗೆ ಹೋದಾಗ ಅದನ್ನು ಪಕ್ಕಕ್ಕೆ ಸರಿಸಿಕೊಳ್ಳಿ, ಸರ ಮನೆಯಲ್ಲಿ ದೇವರ ಮುಂದೆ ಇರಲಿ. ಈಗ ಮೊದಲ ದಿನವೇ ನಾವೂ ಇದನ್ನು ಹೇಳುತ್ತೇವೆ.

ಎಡಗಡೆ ಎದೆಗೆ ರೇಡಿಯೇಷನ್ ಇರುವವರಿಗೆ ಇನ್ನೊಂದು ಪಾಠ ಇರುತ್ತದೆ. ಕೆಳಗೇ ಹೃದಯ. ದೀರ್ಘವಾಗಿ ಉಸಿರೆಳೆದು ಹಿಡಿದರೆ ಶ್ವಾಸಕೋಶ ಉಬ್ಬಿ ಹೃದಯ ಎದೆಗೂಡಿನ ಗೋಡೆಯಿಂದ ದೂರ ಸರಿಯುತ್ತದೆ, ಆ ಹೊತ್ತಿನಲ್ಲಿ ಕಿರಣ ಬಿಟ್ಟರೆ ಹೃದಯಕ್ಕೆ ಬೀಳುವ ಪ್ರಮಾಣ ಕಡಿಮೆ. ಒಂದೊಂದು ಸಲಕ್ಕೆ ಇಪ್ಪತ್ತು ಸೆಕೆಂಡ್‌ನಷ್ಟು ಹಿಡಿಯಬೇಕು. "ಎದೆ ತುಂಬಾ ಉಸಿರು ತಗೊಳ್ಳಿ" ಅಂದರೆ ಅನೇಕರು ಭುಜ ಏರಿಸುತ್ತಾರೆ, ಹೊಟ್ಟೆ ಉಬ್ಬಿಸುತ್ತಾರೆ, ಮಂಚದಿಂದ ಬೆನ್ನೇ ಎತ್ತಿಬಿಡುತ್ತಾರೆ. ಒಂದು ದಿನ ತುಂಗಭದ್ರೆ ಕಡೆಯ ಅಮ್ಮ ಒಬ್ಬರು ಹೊಸಬಳಿಗೆ ಹೇಳುವುದನ್ನು ಕೇಳಿಸಿಕೊಂಡೆ: "ಹೊಳ್ಯಾಗ ಮುಳುಗೂ ಮುಂದ ಹೆಂಗ ಉಸುರು ಹಿಡೀತಿ, ಹಂಗ." ಅದನ್ನು ಕದ್ದಿದ್ದೇನೆ. ಈಜು ಬಾರದ ಬೆಂಗಳೂರಿನವರಿಗೆ ಮಾತ್ರ ಅದು ಕೆಲಸಕ್ಕೆ ಬರುವುದಿಲ್ಲ.

ಈಗ ನನ್ನ ತಪ್ಪೊಂದು. ಒಬ್ಬರಿಗೆ ಚರ್ಮದ ಬಗ್ಗೆ "ಸ್ವಲ್ಪ ಕಪ್ಪಾಗುತ್ತೆ, ಏನೂ ಆಗಲ್ಲ" ಅಂತ ಹೇಳಿ ಕಳಿಸಿದ್ದೆ. ಧೈರ್ಯ ತುಂಬುವ ಉತ್ಸಾಹ. ಕೊನೆಯ ದಿನ ನಗುತ್ತಾ ಸಿಹಿ ಹಂಚಿ ಹೋದವರು ಹತ್ತು ದಿನಕ್ಕೆ ವಾಪಸ್ ಬಂದರು, ಕಂಕುಳ ಕೆಳಗೆ ಚರ್ಮ ಸುಲಿದು ಒಸರುತ್ತಿತ್ತು. "ಮುಗಿದ ಮೇಲೆ ಯಾಕೆ ಹೀಗಾಯ್ತು ಮೇಡಂ? ಏನೋ ತಪ್ಪಾಗಿದೆ" ಅಂತ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ತಪ್ಪೇನೂ ಆಗಿರಲಿಲ್ಲ. ಚರ್ಮದ ತೊಂದರೆ ಎರಡು ಮೂರನೇ ವಾರ ಶುರುವಾಗಿ, ರೇಡಿಯೇಷನ್ ಮುಗಿದ ಒಂದೆರಡು ವಾರಕ್ಕೆ ಜೋರಾಗಿ, ಆಮೇಲೆ ಮಾಯುತ್ತದೆ. ಮಡಿಕೆ ಬೀಳುವ ಜಾಗದಲ್ಲಿ, ಅಂದರೆ ಕಂಕುಳು ಮತ್ತು ಎದೆಯ ಕೆಳಭಾಗದಲ್ಲಿ ಜಾಸ್ತಿ. ಇದನ್ನು ನಾನು ಹೇಳಬೇಕಿತ್ತು. ಆಮೇಲೆ ಗೊತ್ತಾಯಿತು, ಆ ವಾರ ಅವರ ಬ್ಯಾಚಿನ ಉಳಿದವರಿಗೆಲ್ಲ ವಿಷಯ ತಿಳಿದಿತ್ತು, ಯಾಕೆಂದರೆ ಅವರು ಬೆಂಚಿನ ಮೇಲೆ ಕೂರುತ್ತಿದ್ದರು. ಇವರು ಕಾರಿನಲ್ಲಿ ಕಾಯುತ್ತಿದ್ದರು.

ಚರ್ಮಕ್ಕೆ ಏನು ಮಾಡಬೇಕು ಅನ್ನುವುದನ್ನೂ ಹೇಳಿಬಿಡುತ್ತೇನೆ. ಬಿಗಿ ರವಿಕೆ, ಬ್ರಾ ಪಟ್ಟಿ, ಗೀರುವ ಲೇಸ್ ಬೇಡ, ಗಂಡನ ಹಳೆಯ ಕಾಟನ್ ಶರಟು ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಉಗುರುಬೆಚ್ಚಗಿನ ನೀರು ಹಾಕಿಕೊಳ್ಳಿ, ಸೋಪು ಸಾದಾ ಇರಲಿ, ಉಜ್ಜಬೇಡಿ, ಬಟ್ಟೆ ಒತ್ತಿ ಒರೆಸಿಕೊಳ್ಳಿ. ಕಿರಣ ಎಲ್ಲಿ ಬೀಳಬೇಕು ಅಂತ ಮೈ ಮೇಲೆ ನಾವು ಹಾಕಿದ ಗೆರೆ ಅಳಿಸಿದರೆ ನೀವೇ ಪೆನ್ನಿನಲ್ಲಿ ತಿದ್ದಬೇಡಿ (ತಿದ್ದಿಕೊಂಡು ಬಂದವರಿದ್ದಾರೆ, ಅದೂ ನೀಟಾಗಿ), ಬಂದು ಹೇಳಿ. ಅರಿಶಿನ, ಎಣ್ಣೆ, ಲೋಳೆಸರ ಅಂತ ಒಳಗೆ ಹೋಗುವ ಮುಂಚೆ ದಪ್ಪವಾಗಿ ಮೆತ್ತಬೇಡಿ, ಯಾವ ಕ್ರೀಮ್ ಅಂತ ನಮ್ಮನ್ನು ಕೇಳಿ. ಜ್ವರ ಬಂದರೆ, ವಾಸನೆ ಬರುವ ನೀರು ಒಸರಿದರೆ, ಕೈ ಇದ್ದಕ್ಕಿದ್ದಂತೆ ಕೆಂಪಾಗಿ ಬಿಸಿಯಾಗಿ ಊದಿದರೆ ಅಪಾಯಿಂಟ್‌ಮೆಂಟ್ ನೋಡದೆ ಬನ್ನಿ. ಮುಗಿದ ಕೆಲವು ತಿಂಗಳಲ್ಲಿ ಒಣಕೆಮ್ಮು, ಏದುಸಿರು ಬಂದರೂ ಅಷ್ಟೇ, ಬಂದು ತೋರಿಸಿ.

ಬೆಂಚನ್ನು ಇಷ್ಟು ಹೊಗಳಿದ ಮೇಲೆ ಅದರ ಕಿರಿಕಿರಿಯನ್ನೂ ಹೇಳಬೇಕು. ದೊಡ್ಡದು ಲೆಕ್ಕದ ಜಗಳ. "ಆಯಮ್ಮಂಗೆ ಐದೇ ಕರೆಂಟ್, ನನಗ್ಯಾಕೆ ಹದಿನೈದು? ನನ್ನದು ಜಾಸ್ತಿಯಾಗಿದೆಯಾ? ಮುಚ್ಚಿಡ್ತಿದ್ದೀರಾ?" ಇದು ವಾರಕ್ಕೊಮ್ಮೆ ನನ್ನ ಕೋಣೆಗೆ ಬರುವ ಪ್ರಶ್ನೆ. ಉತ್ತರ ಹೀಗಿದೆ. ಮೊದಲೆಲ್ಲ ಐದು ವಾರ, 25 ಸಿಟ್ಟಿಂಗ್, ಒಟ್ಟು 50 ಗ್ರೇ ಕೊಡುವುದು ರೂಢಿ. ಗ್ರೇ ಅಂದರೆ ಕಿರಣದ ಅಳತೆ. ಬ್ರಿಟನ್ನಿನ ಸ್ಟಾರ್ಟ್ ಅಧ್ಯಯನದ ಫಲಿತಾಂಶ 2008ರಲ್ಲಿ ಬಂತು, 15 ಸಿಟ್ಟಿಂಗ್‌ನಲ್ಲಿ 40 ಗ್ರೇ ಕೊಟ್ಟರೂ ರೋಗ ಅಷ್ಟೇ ಹಿಡಿತದಲ್ಲಿರುತ್ತದೆ ಅಂತ ಗೊತ್ತಾಯಿತು. 2020ರಲ್ಲಿ ಅಲ್ಲಿನದೇ ಫಾಸ್ಟ್ ಫಾರ್ವರ್ಡ್ ಅಧ್ಯಯನ, ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದದ್ದು, ಒಂದೇ ವಾರದಲ್ಲಿ 5 ಸಿಟ್ಟಿಂಗ್, 26 ಗ್ರೇ ಸಾಕು ಅಂತ ಐದು ವರ್ಷದ ಲೆಕ್ಕ ಕೊಟ್ಟಿತು. ದಿನದ ಪ್ರಮಾಣ ಜಾಸ್ತಿ, ಒಟ್ಟು ಕಡಿಮೆ. ಸಣ್ಣ ಉರಿಯಲ್ಲಿ ಹೊತ್ತು ಬೇಯಿಸುವುದನ್ನು ದೊಡ್ಡ ಉರಿಯಲ್ಲಿ ಬೇಗ ಇಳಿಸಿದ ಹಾಗೆ ಅಂತ ಒಮ್ಮೆ ವಿವರಿಸಿದ್ದೆ, ಉರಿ ಅಂದ ಕೂಡಲೇ ಆಕೆ ಮತ್ತೆ ಹೆದರಿದರು, ಅಲ್ಲಿಂದ ಆ ಹೋಲಿಕೆ ಬಿಟ್ಟಿದ್ದೇನೆ. ಗಂಟುಗಳಿಗೂ ಕೊಡಬೇಕಾ, ಹೊಸ ಎದೆ ಕಟ್ಟಿಸಿಕೊಂಡಿದ್ದಾರಾ, ಗಡ್ಡೆ ಇದ್ದ ಜಾಗಕ್ಕೆ ಕೊನೆಗೆ ಬೂಸ್ಟ್ ಅಂತ ಹೆಚ್ಚುವರಿ ಕೊಡಬೇಕಾ, ಇದರ ಮೇಲೆ ಸಂಖ್ಯೆ ಬದಲಾಗುತ್ತದೆ. ಐದು ಅಂದರೆ ಸಣ್ಣ ಕಾಯಿಲೆ, ಇಪ್ಪತ್ತೈದು ಅಂದರೆ ಕೈಮೀರಿದ್ದು ಅಂತ ಅರ್ಥವಲ್ಲ. ಪಕ್ಕದವರ ಫೈಲು ನೋಡಿ ನಿಮ್ಮ ಹಣೆಬರಹ ಓದಬೇಡಿ.

ಎರಡನೆಯದು ನಂಜು. ಬದನೆಕಾಯಿ ನಂಜು, ಮೀನು ನಂಜು, ಮೊಟ್ಟೆ ನಂಜು. ಒಬ್ಬೊಬ್ಬರು ಒಂದೊಂದು ಸೇರಿಸುತ್ತಾ ಹೋಗಿ ಕೊನೆಗೆ ತಟ್ಟೆಯಲ್ಲಿ ಗಂಜಿ ಮಾತ್ರ ಉಳಿಯುತ್ತದೆ. ಚರ್ಮ ಮಾಯಬೇಕಾದರೆ ಪ್ರೋಟೀನ್ ಬೇಕು. ಮೊಟ್ಟೆ, ಬೇಳೆ, ಮೊಳಕೆ ಕಾಳು, ಮೀನು, ಮೊಸರು, ನೀವು ತಿನ್ನುವುದು ಯಾವುದಿದೆಯೋ ಅದನ್ನು ತಿನ್ನಿ. ಆಮೇಲೆ ಲಕ್ಷ್ಮಣ ಫಲದ ಎಲೆ. ವಾಟ್ಸಾಪ್‌ನಲ್ಲಿ ಅದು ಎಷ್ಟು ಕ್ಯಾನ್ಸರ್ ವಾಸಿ ಮಾಡಿದೆಯೋ ಲೆಕ್ಕವಿಲ್ಲ, ಮನುಷ್ಯರ ಮೇಲೆ ಪರೀಕ್ಷೆ ಮಾಡಿ ವಾಸಿಯಾಗಿದೆ ಎಂದು ತೋರಿಸಿದ್ದು ಮಾತ್ರ ಇಲ್ಲ. ನನಗೆ ಕೋಪ ಬರುವುದು ಎಲೆಯ ಮೇಲಲ್ಲ, ಅದನ್ನು ನನ್ನಿಂದ ಮುಚ್ಚಿಟ್ಟು ಕುಡಿಯುವುದರ ಮೇಲೆ. ಕುಡಿದಿದ್ದರೆ ಹೇಳಿ, ನಾನು ಬೈಯುವುದಿಲ್ಲ. ಬೈದರೂ ಸ್ವಲ್ಪವೇ.

ಒಂದು ವಿಷಯದಲ್ಲಿ ಬೆಂಚೂ ನಾನೂ ಒಂದೇ ಪಕ್ಷ. ರೇಡಿಯೇಷನ್ ತಗೊಂಡು ಹೋದವರಿಗೆ ಮನೆಯಲ್ಲಿ ಬೇರೆ ತಟ್ಟೆ, ಬೇರೆ ಚಾಪೆ, ಮೊಮ್ಮಗುವನ್ನು ಮುಟ್ಟಬೇಡ ಅನ್ನುವ ಮನೆಗಳು ಇನ್ನೂ ಇವೆ. ಹೊರಗಿನ ಮಷೀನಿಂದ ಕೊಡುವ ಕಿರಣ ಸ್ವಿಚ್ ಆಫ್ ಆದ ಕ್ಷಣಕ್ಕೆ ಮುಗಿಯಿತು, ಮೈಯಲ್ಲಿ ಏನೂ ಉಳಿಯುವುದಿಲ್ಲ. ಇದನ್ನು ನಾನು ರೋಗಿಯೊಬ್ಬರ ಅತ್ತೆಗೆ ಫೋನಿನಲ್ಲಿ ಹೇಳಿದ್ದೂ ಇದೆ. ಬೆಂಚಿನವರು ಒಂದು ಹೆಜ್ಜೆ ಮುಂದೆ ಹೋಗಿ, ಕರೆದುಕೊಂಡು ಬಂದ ಅತ್ತೆಯ ಮುಂದೆಯೇ ಒಬ್ಬರ ಡಬ್ಬಿಯಿಂದ ಇನ್ನೊಬ್ಬರು ಚಿತ್ರಾನ್ನ ತಿಂದು ತೋರಿಸಿದರು.

ಸುಸ್ತಿನ ಬಗ್ಗೆಯೂ ಹೀಗೇ. ಎರಡನೇ ವಾರದಿಂದ ಬರುವ ಸುಸ್ತು ನಿದ್ದೆ ಮಾಡಿದರೂ ಹೋಗುವುದಿಲ್ಲ, ಹೊರಗೆ ಕಾಣುವುದೂ ಇಲ್ಲ, ಹಾಗಾಗಿ ಮನೆಯವರಿಗೆ ಅದು ಸೋಮಾರಿತನ. ದಿನಾ ಅರ್ಧ ಗಂಟೆ ನಿಧಾನವಾಗಿ ನಡೆದರೆ ಅದು ಕಡಿಮೆಯಾಗುತ್ತದೆ. ವಿಚಿತ್ರ ಅನಿಸಿದರೂ ಮಲಗಿರುವುದಕ್ಕಿಂತ ನಡೆಯುವುದು ವಾಸಿ. ನಮ್ಮಲ್ಲಿ ಕೆಲವರು ಜೊತೆಯಾಗಿ ಬಸ್‌ಸ್ಟಾಪಿನವರೆಗೆ ನಡೆದು ಹೋಗುತ್ತಾರೆ. ಒಬ್ಬರೇ ಆದರೆ ಆಟೋ ಹತ್ತುತ್ತಿದ್ದರು.

ಜೊತೆಗಾರರ ಬೆಂಬಲ ಅನ್ನುವುದು ನಾವು ಕಂಡುಹಿಡಿದದ್ದಲ್ಲ. ಅಮೆರಿಕದಲ್ಲಿ ಟೆರೀಸ್ ಲಾಸರ್ ಎಂಬ ಮಹಿಳೆ ತನ್ನ ಎದೆಯ ಆಪರೇಷನ್ ಆದ ಮೇಲೆ, 1950ರ ದಶಕದ ಆರಂಭದಲ್ಲಿ, ಆಸ್ಪತ್ರೆಗಳಿಗೆ ಹೋಗಿ ಹೊಸ ರೋಗಿಗಳನ್ನು ಕಾಣಲು ಶುರು ಮಾಡಿದರು. ಡಾಕ್ಟರುಗಳಿಗೆ ಅದು ಹಿಡಿಸಲಿಲ್ಲ. ‘ರೀಚ್ ಟು ರಿಕವರಿ’ ಎಂಬ ಆ ಕೆಲಸವನ್ನು 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ವಹಿಸಿಕೊಂಡಿತು. ಆಮೇಲೆ 1989ರಲ್ಲಿ ಅಮೆರಿಕದ ಮನೋವೈದ್ಯ ಡೇವಿಡ್ ಸ್ಪೀಗಲ್ ಅವರ ಅಧ್ಯಯನವೊಂದು ಸಂಚಲನ ಮಾಡಿತು: ಕ್ಯಾನ್ಸರ್ ಹರಡಿದ ಹೆಂಗಸರು ವಾರವಾರ ಗುಂಪಾಗಿ ಕೂತು ಮಾತಾಡಿದರೆ ಆಯಸ್ಸೇ ಹೆಚ್ಚುತ್ತದೆ ಅಂತ. ಕೇಳಲು ಚೆನ್ನಾಗಿತ್ತು. 2001ರಲ್ಲಿ ಕೆನಡಾದವರು 235 ಮಂದಿಯ ಮೇಲೆ ಮತ್ತೆ ನೋಡಿದಾಗ ಆಯಸ್ಸು ಹೆಚ್ಚಲಿಲ್ಲ. ಆದರೆ ಮನಸ್ಸಿನ ಸಂಕಟ ಕಡಿಮೆಯಾಯಿತು, ನೋವೂ ಕಡಿಮೆ ಅನಿಸಿತು, ಅದರಲ್ಲೂ ಮೊದಲೇ ತುಂಬಾ ಕುಗ್ಗಿದ್ದವರಿಗೆ. ಅವೆರಡೂ ತಜ್ಞರು ಕೂತು ನಡೆಸಿದ ಗುಂಪುಗಳು, ನಮ್ಮ ಬೆಂಚಿನಂಥವಲ್ಲ. ಆದರೂ ನಾನು ಅಷ್ಟನ್ನೇ ಹೇಳುತ್ತೇನೆ. ಮಾತಾಡಿದರೆ ಗಡ್ಡೆ ಕರಗುವುದಿಲ್ಲ. ‘ಪಾಸಿಟಿವ್ ಆಗಿರಿ’ ಅಂತ ಉಪದೇಶ ಮಾಡುವವರಿಗೂ ಇದು ಗೊತ್ತಿರಲಿ, ಅಳುವವರಿಗೆ ಕಾಯಿಲೆ ಮರಳುತ್ತೆ ಅಂತ ಹೆದರಿಸಬೇಡಿ.

ಕಷ್ಟದ ಭಾಗ ಆಮೇಲೆ ಬರುತ್ತದೆ. ಕೊನೆಯ ದಿನ ನಂಬರ್ ತಗೊಂಡು ಗ್ರೂಪ್ ಮಾಡುತ್ತಾರೆ. ಮೊದಲು ದೇವರ ಫೋಟೋ, ಗುಡ್ ಮಾರ್ನಿಂಗ್, ಕೂದಲು ಬೆಳೆದ ಚಿತ್ರ. ಒಂದು ದಿನ ಯಾರಿಗೋ ಮೂಳೆಗೆ ಹರಡಿದೆ ಅಂತ ತಿಳಿಯುತ್ತದೆ. ಗ್ರೂಪ್ ಗಪ್‌ಚುಪ್. ಆ ವಾರ ನನ್ನ ಓಪಿಡಿಯಲ್ಲಿ ಬೆನ್ನುನೋವು ಅಂತ ನಾಲ್ಕು ಜನ ಬರುತ್ತಾರೆ. ನಾನು ಪರೀಕ್ಷೆ ಮಾಡುತ್ತೇನೆ, ಬೇಕಿದ್ದರೆ ಸ್ಕ್ಯಾನ್ ಬರೆಯುತ್ತೇನೆ, ‘ಭ್ರಮೆ’ ಅನ್ನುವುದಿಲ್ಲ. ಗ್ರೂಪ್ ಬಿಟ್ಟು ಹೊರಬರಬೇಕು ಅನಿಸಿದರೆ ಬನ್ನಿ, ಅದರಲ್ಲಿ ದ್ರೋಹವಿಲ್ಲ. ಕಾಯಿಲೆ ಮರಳಿದವರಿಗೆ ಮಾತ್ರ ಯಾರಾದರೂ ಒಬ್ಬರು ಫೋನ್ ಮಾಡಿ. ಗ್ರೂಪಿನಲ್ಲಲ್ಲ, ನೇರವಾಗಿ. ಅವರನ್ನು ಎಲ್ಲರೂ ಒಟ್ಟಿಗೆ ಬಿಟ್ಟುಬಿಡುವುದನ್ನು ನಾನು ನೋಡಿದ್ದೇನೆ.

ಮತ್ತೆ ಗುಟ್ಟು. ಮಗಳ ಮದುವೆ ಆಗಲಿ ಅಂತ ಊರಿಗೆ ಗೊತ್ತಾಗದ ಹಾಗೆ ಚಿಕಿತ್ಸೆ ಮುಗಿಸುವವರು ಬಹಳ. ಬೆಂಚಿನ ಮೇಲೆ ಕೇಳಿಸಿಕೊಂಡದ್ದು ಬಸ್ಸಿಗೆ ಹೋಗಬಾರದು, ಫೋಟೋವಂತೂ ಕೇಳದೆ ತೆಗೆಯಲೇಬಾರದು.

ನಾನೀಗ ಒಂದು ಸಣ್ಣ ಕಿತಾಪತಿ ಮಾಡುತ್ತೇನೆ. ಮುಗಿಸಿದವರ ಫಾಲೋಅಪ್ ತಾರೀಖನ್ನು, ಹೊಸಬರಿಗೆ ಸಿಟಿ ಸ್ಕ್ಯಾನ್ ಮಾಡಿ ಗೆರೆ ಹಾಕುವ ಬೆಳಿಗ್ಗೆಗೇ ಕೊಡುತ್ತೇನೆ. ಹೊಸಬರಿಗೆ ಕೈ ತಲೆಯ ಮೇಲೆತ್ತಿ ಮಲಗಬೇಕಿರುತ್ತದೆ, ಆಪರೇಷನ್ ಆದ ಮೇಲೆ ಭುಜ ಬಿಗಿದು ಕೈ ಏಳುವುದಿಲ್ಲ. ಗೋಡೆ ಮೇಲೆ ಬೆರಳು ಹತ್ತಿಸುವ ವ್ಯಾಯಾಮವನ್ನು ಮೂರು ತಿಂಗಳ ಹಿಂದಿನವರೇ ಎದ್ದು ನಿಂತು ತೋರಿಸುತ್ತಾರೆ, ಫಿಸಿಯೋಥೆರಪಿಯವರು ಪಕ್ಕದಲ್ಲಿ ನಿಂತು ತಿದ್ದುತ್ತಾರೆ. ಎಲ್ಲರೂ ಇದಕ್ಕೆ ಒಪ್ಪುವುದಿಲ್ಲ. ಕೆಲವರು ಆ ಬೆಂಚಿನ ಕಡೆ ತಿರುಗಿಯೂ ನೋಡದೆ ನೇರ ನನ್ನ ಕೋಣೆಗೆ ಬಂದು, ತೋರಿಸಿ, ಬೇರೆ ಬಾಗಿಲಿಂದ ಹೋಗುತ್ತಾರೆ. ಅವರನ್ನು ನಾನು ಯಾಕೆ ಅಂತ ಕೇಳುವುದಿಲ್ಲ.