ಹಲಗೆ ನಿಂತರೆ ಮೊದಲು ಸ್ಪ್ರಿಂಗಿಗೆ ಕೈ ಹಾಕಬೇಡಿ

ಹಲಗೆಯನ್ನು ಒಂದೇ ದಪ್ಪಕ್ಕೆ ಕೀಸುವ ತಿಕ್ನೆಸ್ ಪ್ಲೇನರ್‌ನಲ್ಲಿ ಹಲಗೆ ಅರ್ಧಕ್ಕೇ ನಿಂತಿತೆಂದರೆ ಬಹುತೇಕರ ಸ್ಪ್ಯಾನರ್ ನೇರವಾಗಿ, ಹಲಗೆಯನ್ನು ಒತ್ತಿ ಮುಂದಕ್ಕೆ ಸಾಗಿಸುವ ಫೀಡ್ ರೋಲರ್‌ನ ಸ್ಪ್ರಿಂಗ್ ಬೋಲ್ಟಿಗೇ ಹೋಗುತ್ತದೆ. ಬಿಗಿ ಮಾಡಿದ ಮೇಲೆ ಒಂದೆರಡು ದಿನ ಕೆಲಸ ಸಾಗುತ್ತದೆ. ಆಮೇಲೆ ಹಲಗೆ ಮತ್ತೆ ನಿಲ್ಲುತ್ತದೆ, ಜೊತೆಗೆ ಚೈನು, ಬುಷ್‌ಗಳ ಸವೆತವೂ ಹೆಚ್ಚುತ್ತದೆ. ನನ್ನ ಅನುಭವದಲ್ಲಿ ಸ್ಪ್ರಿಂಗ್ ಎಲ್ಲಕ್ಕಿಂತ ಕೊನೆಗೆ ಮುಟ್ಟಬೇಕಾದ ಭಾಗ.

ಹೀಗೆ ನಿಲ್ಲುತ್ತಿದ್ದ ಒಂದು ಯಂತ್ರದ ಮುಚ್ಚಳ ತೆಗೆದಾಗ, ಹಲಗೆ ಒಳಹೋಗುವ ಕಡೆಯ, ಅಂದರೆ ಮುಂದಿನ ರೋಲರ್‌ನ ಹಲ್ಲುಗಳ ನಡುವೆ ಪೈನ್ ಮರದ ಅಂಟು ಹೊಟ್ಟಿನೊಡನೆ ಸೇರಿ ಗಟ್ಟಿಯಾಗಿ, ಹಲ್ಲಿನ ರೋಲರ್ ನುಣ್ಣನೆಯ ಪೈಪಿನಂತಾಗಿತ್ತು. ಪ್ಲಗ್ ಕಿತ್ತು, ಟರ್ಪೆಂಟೈನ್ ಸವರಿ, ಹತ್ತು ನಿಮಿಷ ಬಿಟ್ಟು ಹಿತ್ತಾಳೆ ಬ್ರಷ್‌ನಿಂದ ಉಜ್ಜಿದ್ದಷ್ಟೇ ರಿಪೇರಿ. ಹಿಂದಿನ ರೋಲರ್‌ಗೆ ರಬ್ಬರ್ ಹೊದಿಕೆಯಿದ್ದರೆ ಟರ್ಪೆಂಟೈನ್ ತಾಗಿಸಬಾರದು, ಸೋಪಿನ ನೀರು ಸಾಕು. ಟೇಬಲ್ಲಿಗೆ ಮೇಣ ತಿಕ್ಕಿ ಒರೆಸಬೇಕು. ಕೆಲವರು ಹಚ್ಚುವ ಇಂಜಿನ್ ಆಯಿಲ್ ಮರಕ್ಕೆ ಹತ್ತಿ ಪಾಲಿಶ್ ಕೆಡಿಸುತ್ತದೆ.

ಇಷ್ಟಾದರೂ ಹಲಗೆ ಓಡದಿದ್ದರೆ ಎತ್ತರ ನೋಡಬೇಕು. ಯಂತ್ರದ ಕೈಪಿಡಿಯಲ್ಲಿ ಬೇರೆ ಅಳತೆ ಇಲ್ಲದಿದ್ದಲ್ಲಿ, ಮುಂದಿನ ರೋಲರ್‌ನ ತಳ ಬ್ಲೇಡ್ ಸುತ್ತುವ ವೃತ್ತದ ತಳಕ್ಕಿಂತ ಸುಮಾರು 1 ಮಿ.ಮೀ. ಕೆಳಗಿರಲಿ. ಇದನ್ನು ಅಳೆಯುವ ಮೊದಲು, ಹಲಗೆಯ ಅಡಿಗೆ ಟೇಬಲ್ಲಿನಲ್ಲೇ ಕೂರಿಸಿರುವ ಟೇಬಲ್ ರೋಲರ್‌ಗಳನ್ನು ಟೇಬಲ್ ಮಟ್ಟಕ್ಕಿಂತ ಕೆಳಗಿಳಿಸಿ, ಸಮನಾಗಿ ಕೀಸಿದ ಗಟ್ಟಿಮರದ ತುಂಡನ್ನು ಬ್ಲೇಡ್ ಕೂರಿಸಿದ ಕಟರ್ ಬ್ಲಾಕಿನ ಕೆಳಗಿಟ್ಟು, ಬ್ಲಾಕನ್ನು ಕೈಯಿಂದ ತಿರುಗಿಸಿ ಬ್ಲೇಡಿನ ಅಂಚನ್ನು ತೀರಾ ಕೆಳಕ್ಕೆ ತರಬೇಕು. ಬ್ಲೇಡಿಗೂ ತುಂಡಿಗೂ ನಡುವೆ 1 ಮಿ.ಮೀ. ಫಿಲ್ಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಿತವಾಗಿ ಜಾರುವಷ್ಟು ಟೇಬಲ್ ಏರಿಸಿ, ಅದೇ ತುಂಡನ್ನು ರೋಲರ್‌ನ ಎಡತುದಿಗೂ ಬಲತುದಿಗೂ ಸರಿಸಿದಾಗ ಎರಡೂ ಕಡೆ ಅದು ರೋಲರನ್ನು ಬರೀ ಸವರಬೇಕು, ಎತ್ತಬಾರದು. ರೋಲರ್ ಮೇಲಿದ್ದರೆ ಹಿಡಿತ ಸಾಲದು. ತೀರಾ ಕೆಳಗಿದ್ದರೆ ಹಲಗೆ ಒಳಹೋಗಲು ತಡವರಿಸುತ್ತದೆ.

ಟೇಬಲ್ ರೋಲರ್‌ಗಳು ನಯವಾದ ಕೆಲಸಕ್ಕೆ ಟೇಬಲ್ಲಿಗಿಂತ 0.1ರಿಂದ 0.2 ಮಿ.ಮೀ. ಮೇಲಿದ್ದರೆ ಸಾಕು. ಒರಟು ನಾಟಾಕ್ಕೆಂದು ಹೆಚ್ಚು ಏರಿಸಿ ಹಾಗೆಯೇ ಮರೆತರೆ ಹಲಗೆಯ ತುದಿಗಳಲ್ಲಿ ಹಳ್ಳ ಬೀಳುತ್ತದೆ, ದೂರು ಮಾತ್ರ ಬ್ಲೇಡಿನ ಮೇಲೆ ಬರುತ್ತದೆ.

ಇನ್ನು ಸ್ಪ್ರಿಂಗ್. ಒತ್ತಡ ಅತಿಯಾದರೆ, ತೆಳುವಾಗಿ ಕೀಸಿದಾಗ ಹಲ್ಲಿನ ಗುರುತು ಮರದ ಮೇಲೆ ಉಳಿಯುತ್ತದೆ. ಆಗ ಎರಡೂ ಬದಿ ಸಮನಾಗಿ ಸಡಿಲಿಸಬೇಕು. ಅಗಲವಾದ ಹಲಗೆ ಓರೆಯಾಗಿ ಹೋಗುತ್ತಿದ್ದರೆ, ಹಿಂದುಳಿಯುವ ಬದಿಯ ಬೋಲ್ಟನ್ನು ಅರ್ಧ ಸುತ್ತು ಬಿಗಿ ಮಾಡಿ, ಇನ್ನೊಂದು ಹಲಗೆ ಓಡಿಸಿ ನೋಡಿದ ಮೇಲಷ್ಟೇ ಮುಂದಿನ ಅರ್ಧ ಸುತ್ತಿಗೆ ಕೈ ಹಾಕಬೇಕು.